ಪದಚರ್ಚೆ: ವಾದದ ನಡುವೆ ತಗ್ಗುವುದಕ್ಕೆ ಏನೆನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಮೂರು ಬೇಕು. ಆದರೆ ಮೊದಲನೆಯದು ಸಿಕ್ಕರೆ ಉಳಿದೆರಡನ್ನು ಹೇಗೋ ಸಂಭಾಳಿಸುತ್ತೇನೆ.

ಕ್ರೈಸ್ತ ಸಭೆಯೊಂದರ ಓದುಗುಂಪಿಗೆ ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ದೇವರು ಒಬ್ಬನೇ, ಕ್ರಿಸ್ತ ಸತ್ತು ಎದ್ದ ಎಂಬಂಥ ಮೂಲ ನಂಬಿಕೆಯಲ್ಲಿ ಒಂದಾಗಿರುವವರೇ ಬೇರೆ ವಿಷಯ ಬಂದರೆ ಕಚ್ಚಾಡುತ್ತಾರೆ. ಕೂಸಿಗೆ ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಕೊಡಬಹುದೇ, ಬೆಳೆದು ನಂಬಿದ ಮೇಲೆಯೇ ಕೊಡಬೇಕೇ? ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಲ್ಲಿ ಬರುವ ಕ್ರಿಸ್ತನ ಆಳ್ವಿಕೆಯ ಸಾವಿರ ವರ್ಷವನ್ನು ಎಣಿಸಬೇಕೇ, ಸಂಕೇತ ಅಂದುಕೊಳ್ಳಬೇಕೇ? ಅನ್ಯಭಾಷೆಯ ವರ, ಅಂದರೆ ಕಲಿಯದ ಭಾಷೆಯಲ್ಲಿ ದೇವರ ಪ್ರೇರಣೆಯಿಂದ ಮಾತಾಡುವ ಶಕ್ತಿ, ಈಗಲೂ ಇದೆಯೇ? ಇಂಥ ಕಡೆ ತನ್ನ ಓದು ತಪ್ಪಿರಬಹುದು ಎಂಬ ಅರಿವಿಟ್ಟುಕೊಂಡು ವಾದಿಸುವ ಒಂದು ಗುಣ ಇದೆಯಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ?

ನಾನು ‘ದೀನತೆ’ ಎಂದು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಗೀಚಿದ್ದರು: ‘ನಾನೇಕೆ ದೀನನಾಗಲಿ? ನನ್ನ ವಾದ ಸರಿಯಾಗೇ ಇದೆ.’ ಮೊದಲು ನಗು ಬಂತು. ಆಮೇಲೆ ನೋಡಿದರೆ ಅವರು ಎತ್ತಿದ್ದು ಭಾಷೆಯ ತಕರಾರು, ಅದೂ ನ್ಯಾಯವಾದದ್ದೇ.

ದೀನ ಎಂದರೆ ಸಂಸ್ಕೃತದಲ್ಲೇ ಬಡವ, ಕಂಗೆಟ್ಟವ. ಕನ್ನಡದಲ್ಲೂ ಅದರ ನೆಂಟಸ್ತನ ಹಾಗೇ ಇದೆ. ದೀನ ಸ್ಥಿತಿ, ದೀನದಲಿತರು, ದೀನನಾಗಿ ಬೇಡಿಕೊಂಡ. ಬಾಗಿಲ ಹೊರಗೆ ನಿಂತ ನಾಯಿಯ ಕಣ್ಣು ದೀನವಾಗಿರುತ್ತದೆ. ಬೈಬಲಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ ‘ದೀನಭಾವ’ ಕೇಳಿ ಬೆಳೆದವರಿಗೆ ಆ ಮಾತಿಗೊಂದು ಒಳ್ಳೆಯ ಬಣ್ಣ ಬಂದಿದೆ. ಹೊರಗಿನವರಿಗೆ ಆ ಬಣ್ಣ ಕಾಣುವುದಿಲ್ಲ. ಅಂದಹಾಗೆ ಅದೇ ವಾಕ್ಯದಲ್ಲಿ ಬರುವ ‘ಒಣಹೆಮ್ಮೆ’ ಎಂಥ ಸೊಗಸಾದ ಮಾತು! ಗ್ರೀಕಿನಲ್ಲಿ ‘ಟೊಳ್ಳು ಕೀರ್ತಿ’ ಎಂಬರ್ಥದ ಪದ ಇದೆ. ಅದಕ್ಕೆ ಒಣಹೆಮ್ಮೆ ಎಂದವರಿಗೆ ಕೈಮುಗಿಯಬೇಕು. ಆ ಕೈಯೇ ಎದುರುಪದವನ್ನೂ ಕನ್ನಡದ ಬೇರಿನಿಂದ ಕೊಟ್ಟಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸ ಉಳಿಯುತ್ತಿತ್ತು.

ವಿನಯ? ಅದನ್ನು ಪರೀಕ್ಷಿಸಲು ಒಂದು ವಾಕ್ಯ ಮಾಡಿಕೊಂಡೆ. ‘ಬಹಳ ವಿನಯದಿಂದ ಹೇಳುತ್ತೇನೆ, ನಿಮ್ಮದು ಪೂರ್ತಿ ತಪ್ಪು.’ ಎಷ್ಟು ಆರಾಮಾಗಿ ಕೂತಿತು ನೋಡಿ. ಹಾಗೆ ಕೂತರೆ ಅದು ನನಗೆ ಬೇಕಾದ ಪದ ಆಗಲಾರದು. ವಿನಯ ದನಿಯಲ್ಲಿ ಇರುತ್ತದೆ, ನಿಲುವನ್ನು ಮುಟ್ಟುವುದೇ ಇಲ್ಲ. ನಮ್ರತೆಯೂ ಅದೇ ಪರೀಕ್ಷೆಯಲ್ಲಿ ಬಿದ್ದುಹೋಯಿತು. ‘ನಮ್ರ ವಿನಂತಿ’ ಬರೆದು ಬರೆದು ಅದರ ಅಂಚು ಸವೆದಿದೆ. ವಿಧೇಯತೆ ರಜೆ ಅರ್ಜಿಯ ಕೊನೆಯ ಸಾಲಿಗೆ ಹೋಗಿ ಕೂತಿದೆ, ಅದನ್ನು ಎಬ್ಬಿಸುವುದು ಬೇಡ.

ಇನ್ನು ತಗ್ಗು. ಇದರ ಮೇಲೆ ನನಗೆ ಬಹಳ ಆಸೆ ಇತ್ತು. ‘ದೀನಭಾವ’ಕ್ಕೆ ಪೌಲನು ಬಳಸುವ ಗ್ರೀಕ್ ಪದದ ಬುಡದಲ್ಲಿರುವುದು ‘ತಪೈನೊಸ್’, ಅಂದರೆ ತಗ್ಗಾದದ್ದು. ನೆಲಕ್ಕೂ ಅನ್ನುತ್ತಾರೆ, ಮನುಷ್ಯನಿಗೂ ಅನ್ನುತ್ತಾರೆ. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಬೆಟ್ಟಗುಡ್ಡಗಳು ತಗ್ಗಾಗುವ ಮಾತು ಬರುತ್ತದಲ್ಲ, ಅಲ್ಲಿಯ ಕ್ರಿಯಾಪದ, 14ನೇ ಅಧ್ಯಾಯದಲ್ಲಿ ‘ತನ್ನನ್ನು ತಗ್ಗಿಸಿಕೊಳ್ಳುವವನು’ ಎನ್ನುವ ಕಡೆಯ ಕ್ರಿಯಾಪದ, ಎರಡೂ ಒಂದೇ. ಲ್ಯಾಟಿನ್ನಿನ ‘ಹುಮಿಲಿಸ್’ ಕೂಡ ನೆಲ, ಮಣ್ಣು ಎಂಬರ್ಥದ ಪದಕ್ಕೆ ಹತ್ತಿರದ್ದು. ತಗ್ಗು ದಿಣ್ಣೆ ಅನ್ನುವ ನಮಗೆ ಇದು ತಟ್ಟನೆ ಹೊಳೆಯುತ್ತದೆ. ಇನ್ನೊಂದು ವಿಷಯ. ಹಳೆಯ ಗ್ರೀಕರಿಗೆ ‘ತಪೈನೊಸ್’ ಹೆಚ್ಚಾಗಿ ಬೈಗುಳದ ಹತ್ತಿರದ ಮಾತು, ಗುಲಾಮನಂಥವನು ಎಂಬ ಹಾಗೆ. ಅದು ಮೆಚ್ಚುಗೆಯ ಮಾತಾದದ್ದು ಕ್ರೈಸ್ತ ಬರಹಗಳಲ್ಲಿ. ಪದವೂ ಮೇಲೇಳಬಲ್ಲದು ಅಂತಾಯಿತು.

ಆದರೆ ನಾಮಪದ ಮಾಡಹೋದರೆ ಕೆಡುತ್ತದೆ. ತಗ್ಗು ಎಂದರೆ ಹಳ್ಳ. ತಗ್ಗುವಿಕೆ ಎಂದರೆ ಜ್ವರದ್ದೋ ಬೆಲೆಯದ್ದೋ ಸುದ್ದಿ. ‘ತಗ್ಗಿ ಬಗ್ಗಿ ನಡಿ’ ಎಂದು ಯಾರು ಯಾರಿಗೆ ಹೇಳುತ್ತಾರೆ? ದೊಡ್ಡವರು ಚಿಕ್ಕವರಿಗೆ, ಬಲವಿದ್ದವರು ಇಲ್ಲದವರಿಗೆ. ನನ್ನ ದೂರು ಇರುವುದು ಇಲ್ಲೇ. ನಮ್ಮ ಈ ಜಾತಿಯ ಪದಗಳೆಲ್ಲ ಕೆಳಗೆ ನಿಂತು ಮೇಲಕ್ಕೆ ನೋಡುತ್ತವೆ. ದೇವರ ಮುಂದೆ, ಗುರುವಿನ ಮುಂದೆ, ಹಿರಿಯರ ಮುಂದೆ. ಮೇಜಿನ ಆಚೆ ಈಚೆ ಸರಿಸಮನಾಗಿ ಕೂತ ಇಬ್ಬರ ನಡುವೆ ಅಡ್ಡಡ್ಡ ಓಡಾಡುವ ಪದ ಇದೆಯೇ? ಸಭೆಯಲ್ಲಿ ತಗ್ಗಬೇಕು ಎಂದಾಗ ತಗ್ಗುವವರು ಯಾವಾಗಲೂ ಚಿಕ್ಕವರೇ. ಇದನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಎರಡನೇ ಪದ ‘ಗೌಣ’. ಮುಖ್ಯದ ಎದುರು ಗೌಣ, ಶಾಸ್ತ್ರದ ಪ್ರಕಾರ ಸರಿ. ಆದರೆ ಇವತ್ತು ‘ಆ ಪ್ರಶ್ನೆ ಗೌಣವಾಯಿತು’ ಎಂದರೆ ಮೂಲೆಗೆ ಬಿತ್ತು ಎಂದೇ ಅರ್ಥ. ದೀಕ್ಷಾಸ್ನಾನವನ್ನು ಗೌಣ ವಿಷಯ ಎಂದು ಬರೆದರೆ ಅದಕ್ಕಾಗಿ ಸೆರೆಮನೆ ಸೇರಿದ ಹಿಂದಿನವರ ಬಗ್ಗೆ ಏನು ಹೇಳಿದಂತಾಯಿತು? 1529ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಸೇರಿದಾಗ 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆ ಆಯಿತು. ಹದಿನೈದನೆಯದರ ಒಂದು ಭಾಗದಲ್ಲಿ, ಪ್ರಭುಭೋಜನವೆಂಬ ಆರಾಧನೆಯ ರೊಟ್ಟಿಯಲ್ಲೂ ದ್ರಾಕ್ಷಾರಸದಲ್ಲೂ ಕ್ರಿಸ್ತನ ದೇಹ ಮತ್ತು ರಕ್ತ ನಿಜವಾಗಿ ಇವೆಯೇ ಎಂಬಲ್ಲಿ, ಮುರಿದುಬಿತ್ತು. ಲೂಥರ್ ‘ಇದು ನನ್ನ ದೇಹ’ ಎಂಬ ಮಾತನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಿಟ್ಟುಕೊಂಡೇ ಕೂತಿದ್ದರು. ಜ್ವಿಂಗ್ಲಿಗೆ ಅದು ಸೋದರತ್ವ ಮುರಿಯುವಷ್ಟು ದೊಡ್ಡದಾಗಿರಲಿಲ್ಲ. ಲೂಥರರಿಗೆ ಆಗಿತ್ತು. ಗೌಣ ಯಾವುದು ಎಂಬುದೇ ಗೌಣವಾದ ಪ್ರಶ್ನೆ ಆಗಿರಲಿಲ್ಲ, ಅಲ್ವಾ?

ಅನುವಾದಕರಿಗೂ ಇದರಲ್ಲಿ ಪಾಲಿದೆ. 1830ರ ದಶಕದಲ್ಲಿ ಬಂಗಾಳಿ ಬೈಬಲಿನಲ್ಲಿ ನೀರಲ್ಲಿ ಪೂರ್ತಿ ಮುಳುಗಿಸಬೇಕು ಎನ್ನುವ ಬ್ಯಾಪ್ಟಿಸ್ಟ್ ಪಂಗಡದ ಮಿಷನರಿಗಳು ‘ಬ್ಯಾಪ್ಟಿಸಂ’ಗೆ (ಅಂದರೆ ದೀಕ್ಷಾಸ್ನಾನಕ್ಕೆ) ಮುಳುಗಿಸುವುದು ಎಂಬರ್ಥದ ಪದ ಹಾಕಿದರು. ನೀರು ಚಿಮುಕಿಸಿದರೆ ಸಾಕು ಎನ್ನುವ ಸಭೆಗಳೂ ಇದ್ದ ಬೈಬಲ್ ಸಂಘಗಳು ಅದಕ್ಕೆ ಹಣ ಕೊಡಲು ಒಪ್ಪಲಿಲ್ಲ. ಬ್ಯಾಪ್ಟಿಸ್ಟರು ಬೇರೆ ಸಂಘವನ್ನೇ ಕಟ್ಟಿಕೊಂಡರು. ಒಂದು ಕ್ರಿಯಾಪದಕ್ಕೆ! ನಮ್ಮ ‘ದೀಕ್ಷಾಸ್ನಾನ’ದಲ್ಲೂ ಸ್ನಾನ ಇದೆ. ನಾಲ್ಕು ಹನಿಗೆ ಸ್ನಾನ ಎನ್ನಬಹುದೇ ಎಂದು ಸುಮ್ನೆ ಯಾರೂ ಕೇಳದಿರುವುದೇ ಪುಣ್ಯ.

ಮೂರನೆಯದು ‘ಭಿನ್ನಾಭಿಪ್ರಾಯ’. ಬಿಡಿಸಿದರೆ ಬೇರೆ ಅಭಿಪ್ರಾಯ, ಅಷ್ಟೇ. ಆದರೆ ‘ಅವರಿಬ್ಬರಿಗೂ ಭಿನ್ನಾಭಿಪ್ರಾಯ ಇದೆ’ ಎಂದರೆ ಮಾತು ಬಿಟ್ಟಿದ್ದಾರೇನೋ ಎಂದು ಕೇಳುವವರು ಅಂದುಕೊಳ್ಳುತ್ತಾರೆ. ಇಂಗ್ಲೆಂಡಿನ ಉಪದೇಶಕರಾದ ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾನೆಯೇ ಎಂಬ ವಿಷಯದಲ್ಲಿ 1739ರಿಂದ ಇಬ್ಬರೂ ಬಹಿರಂಗವಾಗಿಯೇ ಜಗಳವಾಡಿದರು. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಸ್ಮರಣೆಯ ಉಪದೇಶ ಮಾಡಿದ್ದು ವೆಸ್ಲಿಯೇ. ಅಷ್ಟೊಂದು ಮೂಲಭೂತವಲ್ಲದ ವಿಷಯಗಳಲ್ಲಿ ನಾವು ‘ಒಪ್ಪದಿರಲು ಒಪ್ಪಬಹುದು’ ಎಂಬ ಮಾತು ಬರುವುದು ಆ ಉಪದೇಶದಲ್ಲೇ. ಕನ್ನಡದಲ್ಲಿ ಹಾಗೆಂದರೆ ಒಗಟಿನಂತಿದೆ. ನಾವು ನಿಜವಾಗಿ ಅನ್ನುವುದು ‘ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ’ ಎಂದು. ಅದು ಬಾಗಿಲು ಹಾಕಿಕೊಳ್ಳುವಾಗಿನ ಮಾತು. ಸಾವಿನ ಮನೆಗೆ ಬಂದು ಹೇಳುವ ಮಾತಲ್ಲ.

ಮತ್ತೆ ಮೊದಲ ಪದಕ್ಕೆ ಬರುತ್ತೇನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ ಇಡೀ ಇದೇ ವಿಷಯ. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಬರೀ ಸೊಪ್ಪು ತರಕಾರಿ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು ಎನ್ನುತ್ತಾನೆ ಪೌಲ. ಎರಡು ಬೇರೆ ಬೇರೆ ಸೊಕ್ಕುಗಳನ್ನು ಎಷ್ಟು ಚೆನ್ನಾಗಿ ಹೆಕ್ಕಿದ್ದಾನೆ ನೋಡಿ. ಸಡಿಲ ಇರುವವನ ರೋಗ ತಾತ್ಸಾರ, ಬಿಗಿ ಇರುವವನ ರೋಗ ತೀರ್ಪು. ಆದರೆ ಯಾರಿಗೂ ನಿಲುವು ಬಿಡು ಎನ್ನುವುದಿಲ್ಲ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿರಲಿ ಎಂದೇ ಹೇಳುತ್ತಾನೆ. ಹಾಗಾಗಿ ನನಗೆ ಬೇಕಾದ ಪದದಲ್ಲಿ ಹೊಯ್ದಾಟದ ವಾಸನೆಯೂ ಇರಬಾರದು.

ನಾಮಪದವೇ ಬೇಡ, ‘ತಪ್ಪಿರಬಹುದು’ ಎಂಬ ಕ್ರಿಯಾಪದವೇ ಸಾಕು ಎಂದು ಒಬ್ಬ ಗೆಳತಿ ಹೇಳಿದಳು. ಆಗ ಕ್ರಾಮ್‌ವೆಲ್ ನೆನಪಾದ. ಇಂಗ್ಲೆಂಡಿನ ಸೇನಾಪತಿಯಾಗಿದ್ದ ಅವನು 1650ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಸಭೆಯ ಹಿರಿಯರಿಗೆ ಬರೆದ ಪತ್ರದಲ್ಲಿ, ನೀವು ತಪ್ಪಿರಬಹುದು ಎಂದು ಸ್ವಲ್ಪ ಯೋಚಿಸಿ ಎಂದು ಕ್ರಿಸ್ತನ ಹೆಸರಲ್ಲಿ ಬೇಡಿಕೊಳ್ಳುತ್ತಾನೆ. ಬೇಡಿಕೊಂಡವನ ಹಿಂದೆ ಸೈನ್ಯ ಇತ್ತು. ಮುಂದಿನ ತಿಂಗಳು ಡನ್‌ಬಾರ್‌ನಲ್ಲಿ ಅವರನ್ನು ಬಡಿದು ಹಾಕಿದ. ‘ನಾನು ತಪ್ಪಿರಬಹುದು’, ‘ನೀವು ತಪ್ಪಿರಬಹುದು’ ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾರೂಪ. ಕರ್ತೃಪದ ಬಿಟ್ಟುಬಿಟ್ಟರೆ ಯಾರು ತಪ್ಪಿದ್ದು ಎಂಬುದನ್ನು ಕೇಳುವವನೇ ತುಂಬಿಕೊಳ್ಳಬೇಕು, ತನಗೆ ಅನುಕೂಲವಾದ ಹಾಗೆ.

ಕೊನೆಗೆ ದಾರಿ ತೋರಿಸಿದ್ದು ಇನ್ನೂ ಹಳೆಯ ಒಂದು ಘಟನೆ. 2ನೇ ಶತಮಾನದ ನಡುವೆ ಈಗಿನ ಟರ್ಕಿಯಲ್ಲಿರುವ ಸ್ಮುರ್ನದ ಪಾಲಿಕಾರ್ಪ್ ಎಂಬ ಮುದುಕ ಬಿಷಪ್ ರೋಮಿಗೆ ಹೋದ. ಪಾಸ್ಖ ಹಬ್ಬ (ಈಸ್ಟರ್) ಯಾವ ದಿನ ಎಂಬಲ್ಲಿ ರೋಮಿನ ಬಿಷಪ್ ಅನಿಕೇತನಿಗೂ ಇವನಿಗೂ ಹೊಂದಲಿಲ್ಲ. ಇವನು ಅವನನ್ನು ಒಪ್ಪಿಸಲು ಆಗಲಿಲ್ಲ, ಅವನು ಇವನನ್ನೂ. ಆದರೂ ಅನಿಕೇತ ತನ್ನ ಸಭೆಯಲ್ಲಿ ಪ್ರಭುಭೋಜನ ನಡೆಸುವ ಸ್ಥಾನವನ್ನು ಪಾಲಿಕಾರ್ಪನಿಗೆ ಕೊಟ್ಟ. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಇದನ್ನು ಬರೆದಿಟ್ಟ ಆದಿಸಭೆಯ ಚರಿತ್ರೆಕಾರ ಯೂಸೇಬಿಯನ ಇತಿಹಾಸದಲ್ಲಿ ಬರುವ ಗ್ರೀಕ್ ಕ್ರಿಯಾಪದದ ಒಳಗೆ ‘ಖೋರ’ ಇದೆ, ಅಂದರೆ ಜಾಗ. ಅನಿಕೇತ ಅಭಿಪ್ರಾಯ ಬಿಡಲಿಲ್ಲ, ಜಾಗ ಬಿಟ್ಟುಕೊಟ್ಟ.

ಹಾಗಾದರೆ ನಮ್ಮ ‘ಎಡೆಗೊಡು’? ಎಡೆ ಎಂದರೂ ಜಾಗವೇ. ಮೇಲೆ ಕೆಳಗೆ ಎಂಬ ಗೊಡವೆ ಇಲ್ಲ, ಸರಿಸಮರ ನಡುವೆಯೂ ನಡೆಯುತ್ತದೆ. ‘ಬಹಳ ಎಡೆಗೊಟ್ಟು ಹೇಳುತ್ತೇನೆ, ನಿಮ್ಮದು ಪೂರ್ತಿ ತಪ್ಪು’ ಎಂದು ಹೇಳಿ ನೋಡಿ. ಕೂರುವುದಿಲ್ಲ. ಪರೀಕ್ಷೆ ಪಾಸು! ಆದರೆ ಒಂದು ತೊಡಕಿದೆ. ಸುದ್ದಿಪತ್ರಿಕೆಗಳು ಈ ಮಾತನ್ನು ಸಂಶಯದ ಜೊತೆಗೋ ವಿವಾದದ ಜೊತೆಗೋ ಕಟ್ಟಿಹಾಕಿವೆ. ‘ಈ ಹೇಳಿಕೆ ವಿವಾದಕ್ಕೆ ಎಡೆಮಾಡಿಕೊಟ್ಟಿತು.’ ನನ್ನ ಕೆಲಸಕ್ಕೆ ಇದಕ್ಕಿಂತ ತಪ್ಪಾದ ಜೊತೆ ಇನ್ನೊಂದಿಲ್ಲ.

‘ಎಡೆಗೊಡುವ ಮನಸ್ಸು’ ಎಂದರೆ ಕಿವಿಗೆ ಹೇಗಿದೆ? ಒಂದೇ ಪದ ಆಗುವಂತಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಕಡೆ ಮಾತಿನಲ್ಲಿ ಸರಿಸಮರ ನಡುವೆ ಬಳಸುವ ಬೇರೆ ಪದ ಇದ್ದರೆ ಅದು ಬರುವ ಒಂದು ಪೂರ್ತಿ ವಾಕ್ಯದ ಜೊತೆಗೇ ಕಳಿಸಿ, ಪದಕೋಶದ ಅರ್ಥ ಮಾತ್ರ ಬೇಡ. ಪೆನ್ಸಿಲಿನ ಹಿರಿಯರಿಗೆ ಮುಂದಿನ ಕರಡು ಕೊಡುವುದಿದೆ.