ಬೂಸ್ಟ್ ಏರಿದಾಗ ಮಾತ್ರ ಲೀನ್: ಪೆಟ್ರೋಲ್ ಎಲ್ಲಿಗೆ ಹೋಗುತ್ತಿದೆ?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):

ಅಣ್ಣ, ನಮಸ್ಕಾರ. ನನ್ನದು 1.4 ಲೀಟರಿನ ಹಳೆಯ ಟರ್ಬೊ ಪೆಟ್ರೋಲ್ ಸೆಡಾನ್. ಪೋರ್ಟ್ ಇಂಜೆಕ್ಷನ್, ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪು ಇದೆ. ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇಲ್ಲ, ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಮಾತ್ರ. ದೊಡ್ಡ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್‌ಗಳು, ಗಂಟೆಗೆ 190 ಲೀಟರ್ ಎಂದು ಬರೆದಿರುವ ಪಂಪು ಹಾಕಿಸಿ, ಬೂಸ್ಟನ್ನು (ಟರ್ಬೊ ಗಾಳಿ ತುಂಬುವ ಒತ್ತಡ) 1.1 ಬಾರ್‌ಗೆ ಏರಿಸಿ ರೀಮ್ಯಾಪ್ ಮಾಡಿಸಿದ್ದೇನೆ, ಅಂದರೆ ಎಂಜಿನ್ ಕಂಪ್ಯೂಟರಿನ ಪೆಟ್ರೋಲ್ ಲೆಕ್ಕದ ಪಟ್ಟಿಯನ್ನು (ಮ್ಯಾಪ್) ಹೊಸದಾಗಿ ಬರೆಸಿದ್ದೇನೆ. ಸುಮಾರು 180 ಎಚ್‌ಪಿ ಇರಬಹುದು ಎಂದರು.

ಕೆಲವು ತಿಂಗಳು ಚೆನ್ನಾಗಿತ್ತು. ಈಗಲೂ ಊರೊಳಗೆ ಯಾವ ತೊಂದರೆಯೂ ಇಲ್ಲ. ಆದರೆ ಹೆದ್ದಾರಿಯಲ್ಲಿ ಆನಗೋಡಿನ ಕಡೆ ಲಾರಿ ದಾಟಿಸಲು ಪೂರ್ತಿ ತುಳಿದರೆ, 4,000 ಆರ್‌ಪಿಎಂ ಆದಮೇಲೆ ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಗೇಜಿನಲ್ಲಿ ಲ್ಯಾಮ್ಡಾ (ಗಾಳಿ-ಪೆಟ್ರೋಲ್ ಅನುಪಾತ; 1 ಎಂದರೆ ಸರಿಸಮ, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.82ರಿಂದ 0.95ಕ್ಕೆ ಏರುತ್ತದೆ, ಅಂದರೆ ಮಿಶ್ರಣ ಲೀನ್ (ತೆಳು) ಆಗುತ್ತದೆ. ಗಾಡಿ ಉಸಿರು ಕಟ್ಟಿದಂತೆ ಮಾಡುತ್ತದೆ, ಒಳಗಿನಿಂದ ನಾಕಿಂಗ್ ಕೇಳಿಸುತ್ತದೆ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಮಿಶ್ರಣ ಸರಿಪಡಿಸಲು ಕಂಪ್ಯೂಟರ್ ತಾನೇ ಶೇ ಎಷ್ಟು ಪೆಟ್ರೋಲ್ ಹೆಚ್ಚಿಸಿತು ಅಥವಾ ಇಳಿಸಿತು ಎಂಬುದು) ಐಡಲ್‌ನಲ್ಲಿ +2, ಎಂಬತ್ತರ ವೇಗದಲ್ಲಿ +1. ಇಂಜೆಕ್ಟರ್ ತೊಳೆಸಿದ್ದಾಯಿತು, ಒತ್ತಡದ ಸೆನ್ಸರ್ ಬದಲಿಸಿದ್ದಾಯಿತು. ಈಗ ಟರ್ಬೊ ಬದಲಿಸಬೇಕು ಎನ್ನುತ್ತಿದ್ದಾರೆ.

ಇನ್ನೊಂದು ವಿಷಯ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಇದಕ್ಕೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಉತ್ತರ (ಗ್ಯಾರೇಜ್, ಹಳೆ ಪಿ.ಬಿ. ರಸ್ತೆ):

ಮೊದಲು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ. ಕಾರಣ ಗೊತ್ತಾಗುವವರೆಗೆ ಬೂಸ್ಟ್ ಬರುವಷ್ಟು ತುಳಿಯಬೇಡಿ. ಐಡಲ್‌ನಲ್ಲಿ ಮಿಶ್ರಣ ತೆಳುವಾದರೆ ಗಾಡಿ ಗೊರಗೊರ ಎನ್ನುತ್ತದೆ, ಅಷ್ಟೇ. ಒಂದು ಬಾರ್ ಬೂಸ್ಟ್ ಇದ್ದಾಗ ತೆಳುವಾದರೆ ಪಿಸ್ಟನ್ ಅಂಚು ಒಡೆಯುತ್ತದೆ, ಅದರಲ್ಲಿ ರಿಂಗ್ ಕೂರುವ ಜಾಗ ಬಿರಿಯುತ್ತದೆ. ನಿಮಗೆ ಕೇಳಿಸಿದ ನಾಕಿಂಗ್ ಅದರ ಮುನ್ಸೂಚನೆ.

ಟರ್ಬೊ ಬದಲಿಸಿ ಎಂದವರಿಗೆ ದೂರದಿಂದಲೇ ಕೈ ಮುಗಿಯಿರಿ. ಗೇಜು 1.1 ಬಾರ್ ತೋರಿಸುತ್ತಿದೆ ಎಂದರೆ ಟರ್ಬೊ ಹೇಳಿದಷ್ಟು ಗಾಳಿ ತುಂಬುತ್ತಿದೆ. ಕೆಲಸ ಮಾಡದೆ ಕುಳಿತವನು ಇನ್ನೊಬ್ಬನಿದ್ದಾನೆ.

ನಿಮ್ಮ ಟ್ರಿಮ್ ಲೆಕ್ಕವೇ ಅರ್ಧ ದಾರಿ ತೋರಿಸಿದೆ. ಮ್ಯಾನಿಫೋಲ್ಡಿನಲ್ಲಿ ಎಲ್ಲೋ ಕಳ್ಳ ಗಾಳಿ ನುಗ್ಗುತ್ತಿದ್ದರೆ ಐಡಲ್‌ನಲ್ಲೇ ಆರ್‌ಪಿಎಂ ಏರಬೇಕಿತ್ತು, ಏಕೆಂದರೆ ಆಗ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ. ಅದರಲ್ಲಿ ಕಳ್ಳನ ಪಾಲು ದೊಡ್ಡದು. ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ಎಂಬತ್ತರ ವೇಗದಲ್ಲೂ ಟ್ರಿಮ್ ಏರಬೇಕಿತ್ತು. ಎರಡೂ ಆಗಿಲ್ಲ. ಕಡಿಮೆ ಕೇಳಿದಾಗ ಪೂರ್ತಿ ಕೊಡುತ್ತದೆ, ಹೆಚ್ಚು ಕೇಳಿದಾಗ ಕೈ ಎತ್ತುತ್ತದೆ. ಇದು ಪೆಟ್ರೋಲ್ ಪೂರೈಕೆಯ ಲಕ್ಷಣ.

ಈಗ ಅಳೆಯಬೇಕು. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ (ರೈಲು) ಒತ್ತಡದ ಗೇಜು ಹಾಕಿಸಿ. ಐಡಲ್‌ನಲ್ಲಿ, ಪೆಟ್ರೋಲ್ ಒತ್ತಡ ಹಿಡಿದಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ತೆಗೆದು ಒಂದು ಓದು, ಹಾಕಿ ಒಂದು ಓದು ಬರೆದುಕೊಳ್ಳಿ. ಆಮೇಲೆ ಬೂಸ್ಟ್‌ನಲ್ಲಿ ಒಂದೇ ಒಂದು ಓದು ಸಾಕು. ಗೇಜನ್ನು ಬಾನೆಟ್ ಅಂಚಿನಿಂದ ಹೊರಗೆ ತಂದು ವೈಪರ್ ಕಡ್ಡಿಯ ಕೆಳಗೆ ಬಿಗಿಯಾಗಿ ಕಟ್ಟಿ, ಮುಖ ಗಾಜಿನ ಕಡೆಗಿರಲಿ. ಪೆಟ್ರೋಲ್ ತುಂಬಿದ ಪೈಪನ್ನು ಯಾವ ಕಾರಣಕ್ಕೂ ಕ್ಯಾಬಿನ್ ಒಳಗೆ ತರಬೇಡಿ. ಆ ಪೈಪು ಜಾರಿದರೆ ಪೆಟ್ರೋಲ್ ಬೀಳುವುದು ನಿಮ್ಮ ಮಡಿಲಿಗೆ. ಪಕ್ಕದಲ್ಲಿ ಕುಳಿತವರು ಮೊಬೈಲ್‌ನಲ್ಲಿ ಬೂಸ್ಟ್ ಗೇಜೂ ಇದೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ವಿಡಿಯೊ ತೆಗೆಯಲಿ. ಮೂರನೇ ಗೇರು, ಖಾಲಿ ರಸ್ತೆ, ಲ್ಯಾಮ್ಡಾ 0.90 ದಾಟಿದ ಕೂಡಲೇ ಕಾಲು ಮೇಲಕ್ಕೆ. ಹೆದ್ದಾರಿ ನಮ್ಮ ಅಪ್ಪನ ಜಮೀನಲ್ಲ, ನೆನಪಿರಲಿ.

ಸ್ಕ್ಯಾನರ್‌ನಲ್ಲಿ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರುತ್ತದೆ ಎಂಬುದನ್ನೂ ನೋಡಿ. ಬೆಳಗಿನ ಸೆಲ್ಫ್ ವಿಷಯ ಸಂಬಂಧವಿಲ್ಲದ್ದು ಎಂದಿರಿ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧ ಇರುವುದು ಅದಕ್ಕೇ ಎನಿಸುತ್ತಿದೆ. ನಾಳೆ ಬೆಳಿಗ್ಗೆ ಕೀ ತಿರುಗಿಸಿ ಪಂಪಿನ ಸದ್ದು ನಿಲ್ಲುವವರೆಗೆ ಕಾಯಿರಿ. ಮತ್ತೆ ಆಫ್ ಮಾಡಿ, ಇನ್ನೊಮ್ಮೆ ಹಾಗೇ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಕೂಡಲೇ ಸ್ಟಾರ್ಟ್ ಆದರೆ ತಿಳಿಸಿ.

ಚಿತ್ರದುರ್ಗದ ಸದಸ್ಯರು:

ಅಣ್ಣ, ಇದೆಲ್ಲ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲಿನ ಮಹಿಮೆ ಅಲ್ಲವೇ? ನನ್ನ ಗಾಡಿಯೂ ಜೋಗಿಮಟ್ಟಿ ಏರಿನಲ್ಲಿ ಮೊದಲಿನ ಹಾಗೆ ಎಳೆಯುವುದಿಲ್ಲ.

ಉತ್ತರ:

ಇ20ಗೆ ಅದರ ಪಾಲಿನ ಬೈಗುಳ ಮಾತ್ರ ಸಲ್ಲಲಿ. ಶುದ್ಧ ಪೆಟ್ರೋಲಿನ ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಹಾಗಾಗಿ ಇ10ಕ್ಕೆ ಸುಮಾರು 14.1, ಇ20ಗೆ ಸುಮಾರು 13.5. ಇ10 ಕಾಲದಲ್ಲಿ ಬರೆದ ಮ್ಯಾಪಿಗೆ ಇ20 ಹಾಕಿದರೆ ಶೇ 4ರಷ್ಟು ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಆ ಲೆಕ್ಕದಲ್ಲಿ 0.82 ಇದ್ದದ್ದು 0.85 ಆಗಬಹುದು, 0.95 ಆಗುವುದಿಲ್ಲ. ಅಲ್ಲದೆ ಆ ಕೊರತೆ ನಿಧಾನವಾಗಿ ಓಡಿಸುವಾಗಲೂ ಇರುತ್ತದೆ, ಟ್ರಿಮ್‌ನಲ್ಲಿ +4, +5 ಎಂದು ಕಾಣುತ್ತದೆ. ಇವರದು +1. ಗೇಜಿನಲ್ಲಿ 14.7ರ ಲೆಕ್ಕ ನೋಡುವ ಅಭ್ಯಾಸ ಇರುವವರು ಲ್ಯಾಮ್ಡಾಗೆ ಬದಲಿಸಿಕೊಳ್ಳಿ. ಪೆಟ್ರೋಲ್ ಯಾವುದೇ ಇರಲಿ, ಲ್ಯಾಮ್ಡಾ 1 ಎಂದರೆ 1. ನಿಮ್ಮ ಗಾಡಿಯ ವಿಷಯ ಬೇರೆ ಪ್ರಶ್ನೆಯಾಗಿ ಹಾಕಿ, ಟ್ರಿಮ್ ಸಮೇತ.

ಹರಿಹರದ ಸದಸ್ಯರು:

ಎರಡು ಮಾತು. ಇಂಟರ್‌ಕೂಲರ್ ಪೈಪಿನ ಕ್ಲಿಪ್ಪು ಸಡಿಲವಾಗಿ ಬೂಸ್ಟ್ ಸೋರುತ್ತಿರಬಹುದು. ಅದಿಲ್ಲದಿದ್ದರೆ ತಿರುಗಿಸುವ ರೆಗ್ಯುಲೇಟರ್ ಹಾಕಿ ಒತ್ತಡವನ್ನು 3.5 ಮಾಡಿದರೆ ಮುಗಿಯಿತಲ್ಲ?

ಉತ್ತರ:

ಮುಗಿಯುತ್ತದೆ, ಎಂಜಿನ್.

ಬೂಸ್ಟ್ ಸೋರಿಕೆಯಿಂದ ಲೀನ್ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಬೂಸ್ಟ್ ಇರುವಾಗ ಆಗುವುದು ಅದರ ತದ್ವಿರುದ್ಧ: ಅಳೆದ ಗಾಳಿ ಹೊರಗೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ, ಮಿಶ್ರಣ ದಪ್ಪವಾಗುತ್ತದೆ, ಹಿಂದೆ ಕಪ್ಪು ಹೊಗೆ. ಇವರ ಗಾಡಿ ಮ್ಯಾನಿಫೋಲ್ಡ್ ಒತ್ತಡವನ್ನು ನೋಡಿ ಪೆಟ್ರೋಲ್ ಕೊಡುವಂಥದು. ಸೋರಿದರೆ ಒತ್ತಡ ಇಳಿಯುತ್ತದೆ, ಅದನ್ನು ಕಂಡು ಪೆಟ್ರೋಲೂ ಇಳಿಯುತ್ತದೆ. ಪಿಕಪ್ ಕಡಿಮೆಯಾಗಬಹುದು, ಲೀನ್ ಆಗುವುದಿಲ್ಲ.

ರೆಗ್ಯುಲೇಟರ್ ತಿರುಗಿಸುವ ವಿಷಯ. ಒತ್ತಡ ಹೆಚ್ಚಿದಷ್ಟೂ ಪಂಪು ತಳ್ಳುವ ಪ್ರಮಾಣ ಕಡಿಮೆಯಾಗುತ್ತದೆ. ಸಾಲದೆ ಒದ್ದಾಡುತ್ತಿರುವ ಪಂಪಿನ ತಲೆಯ ಮೇಲೆ ಇನ್ನಷ್ಟು ಹೊರೆ ಇಟ್ಟು, ಐಡಲ್‌ನಲ್ಲಿ ಗೇಜು ಚೆಂದ ಕಂಡಿತೆಂದು ಸಂತೋಷಪಡುವ ಕೆಲಸ ಅದು.

ಪ್ರಶ್ನೆ ಕೇಳಿದವರು:

ಅಣ್ಣ, ಅಳೆದೆವು. ಐಡಲ್‌ನಲ್ಲಿ ವ್ಯಾಕ್ಯೂಮ್ ಪೈಪು ತೆಗೆದಾಗ 3.0 ಬಾರ್, ಹಾಕಿದಾಗ 2.4. ಪೂರ್ತಿ ತುಳಿದಾಗ ಮುಳ್ಳು 3.6ರವರೆಗೆ ಹೋಗಿ, ಬೂಸ್ಟ್ 1.1 ಮುಟ್ಟುವಷ್ಟರಲ್ಲಿ 3.3ಕ್ಕೆ ಇಳಿದು ನಡುಗುತ್ತಿತ್ತು. ಇಂಜೆಕ್ಟರ್ 5,800 ಆರ್‌ಪಿಎಂನಲ್ಲಿ 14.5 ಮಿಲಿಸೆಕೆಂಡ್ ಎಂದು ಹಳೆಯ ಲಾಗ್‌ನಲ್ಲಿದೆ. ಕೀ ಎರಡು ಸಲ ತಿರುಗಿಸಿ ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್!

ಉತ್ತರ:

ಬಹಳ ಚೆನ್ನಾಗಿ ಅಳೆದಿದ್ದೀರಿ. ಈಗ ಲೆಕ್ಕ ನೋಡಿ.

ಇಂಜೆಕ್ಟರಿನ ಹಿಂದೆ ಪೆಟ್ರೋಲ್ ಒತ್ತುತ್ತದೆ, ಮುಂದೆ ಬೂಸ್ಟ್ ಎದುರೊತ್ತುತ್ತದೆ. ಲೆಕ್ಕಕ್ಕೆ ಬರುವುದು ಎರಡರ ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ಸದಾ 3 ಇರಲೆಂದೇ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಪೈಪು ಕೊಟ್ಟಿರುವುದು. 1.1 ಬೂಸ್ಟ್ ಇದ್ದಾಗ ರೈಲಿನಲ್ಲಿ 4.1 ಇರಬೇಕು. ನಿಮ್ಮಲ್ಲಿ 3.3. ವ್ಯತ್ಯಾಸ 2.2ಕ್ಕೆ ಬಿದ್ದಿದೆ. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುತ್ತದೆ, 2.2ನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.856. ಬೀಳಬೇಕಾದ ಪೆಟ್ರೋಲಿನಲ್ಲಿ ಶೇ 14ರಷ್ಟು ಬೀಳುತ್ತಿಲ್ಲ. ನಿಮ್ಮ ಮ್ಯಾಪ್ ಬಯಸುವ 0.82ನ್ನು 0.856ರಿಂದ ಭಾಗಿಸಿ: 0.958. ವೈಡ್‌ಬ್ಯಾಂಡ್ ತೋರಿಸಿದ್ದು 0.95!

ಈ ಒಂದು ಭಾಗಾಕಾರದಲ್ಲಿ ನಾಲ್ಕು ಜನ ನಿರಪರಾಧಿಗಳಾದರು. ವೈಡ್‌ಬ್ಯಾಂಡ್ ಸುಳ್ಳು ಹೇಳುತ್ತಿಲ್ಲ, ಮ್ಯಾಪ್ ಸರಿಯಾಗಿದೆ, ಇಂಜೆಕ್ಟರ್‌ಗಳು ಸರಿಯಾಗಿವೆ, ನೀವು ಕಿತ್ತೆಸೆದ ಸೆನ್ಸರ್ ಕೂಡ ಸರಿಯಾಗಿತ್ತು. ಕೊರತೆ ಇಡಿಯಾಗಿ ಒತ್ತಡದ್ದೇ. ಇಂಜೆಕ್ಟರ್ ಸಾಮರ್ಥ್ಯ ಮೀರಿಯೂ ಇಲ್ಲ: 5,800ರಲ್ಲಿ ಎರಡು ಸುತ್ತಿಗೆ 20.7 ಮಿಲಿಸೆಕೆಂಡ್ ಸಿಗುತ್ತದೆ, ಅದರಲ್ಲಿ 14.5 ಎಂದರೆ ಶೇ 70. ಶೇ 85ರವರೆಗೆ ನಾನು ಚಿಂತೆ ಮಾಡುವುದಿಲ್ಲ.

ಇನ್ನು ಪಂಪು. 180 ಎಚ್‌ಪಿಯ ಟರ್ಬೊ ಎಂಜಿನ್ ಪೂರ್ತಿ ತುಳಿದಾಗ ಗಂಟೆಗೆ ಹೆಚ್ಚೆಂದರೆ 65, 70 ಲೀಟರ್ ಕುಡಿಯುತ್ತದೆ. 190ರ ಪಂಪು ನಾಲ್ಕು ಬಾರ್‌ನಲ್ಲಿ ಅಷ್ಟು ಕೊಡದಿದ್ದರೂ ಇದರ ಎರಡು ಪಾಲು ಕೊಡಬೇಕು. ಹಾಗಾದರೆ ಅದು ನಕಲಿ, ಅಥವಾ ಅದಕ್ಕೆ ಕರೆಂಟ್ ಸಾಲುತ್ತಿಲ್ಲ, ಅಥವಾ ಜಾಲರಿ ಇಲ್ಲವೇ ಫಿಲ್ಟರ್ ಕಟ್ಟಿದೆ, ಅಥವಾ ಅದು ಎತ್ತಿದ್ದನ್ನು ದಾರಿಯಲ್ಲೇ ಯಾರೋ ಕುಡಿಯುತ್ತಿದ್ದಾರೆ. ಬೆಳಗಿನ ಸೆಲ್ಫ್ ಕಥೆಯಿಂದಾಗಿ ನನ್ನ ಅನುಮಾನ ಕೊನೆಯದರ ಮೇಲೆ. ರಾತ್ರಿಯಿಡೀ ಪೈಪಿನಲ್ಲಿ ನಿಲ್ಲಬೇಕಾದ ಒತ್ತಡ ನಿಲ್ಲುತ್ತಿಲ್ಲ.

ಎರಡು ಪರೀಕ್ಷೆ ಮಾಡಿ. ಒಂದು: ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಪಂಪಿನ ಸಾಕೆಟ್‌ನಲ್ಲಿ ಎಷ್ಟು ವೋಲ್ಟ್. ಅರ್ಧ ವೋಲ್ಟ್ ಕಡಿಮೆ ಇದ್ದರೆ ಪರವಾಗಿಲ್ಲ. ಒಂದೂವರೆ ಎರಡು ವೋಲ್ಟ್ ಕಡಿಮೆ ಇದ್ದರೆ ರಿಲೇ, ಅರ್ಥಿಂಗ್ ನೋಡಬೇಕು.

ಎರಡು: ಎಂಜಿನ್ ಆಫ್ ಮಾಡಿ ಗೇಜಿನ ಮುಳ್ಳು ಎಷ್ಟು ಬೇಗ ಇಳಿಯುತ್ತದೆ ನೋಡಿ. ಮತ್ತೆ ಕೀ ತಿರುಗಿಸಿ ಒತ್ತಡ ತುಂಬಿಸಿ, ಆಫ್ ಮಾಡಿ, ರಿಟರ್ನ್ ಪೈಪಿನ ರಬ್ಬರ್ ಭಾಗವನ್ನು ಪೈಪು ಅದುಮುವ ಕ್ಲ್ಯಾಂಪಿನಿಂದ ಅದುಮಿ. ಮುಳ್ಳು ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ನಿಲ್ಲದಿದ್ದರೆ ಅದನ್ನು ಬಿಟ್ಟು, ಮತ್ತೆ ತುಂಬಿಸಿ, ಟ್ಯಾಂಕಿನಿಂದ ಬರುವ ಪೈಪನ್ನು ಅದುಮಿ. ಆಗ ನಿಂತರೆ ಸೋರಿಕೆ ಟ್ಯಾಂಕಿನ ಕಡೆ. ಆಗಲೂ ನಿಲ್ಲದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಎಂಜಿನ್ ಓಡುವಾಗ ರಿಟರ್ನ್ ಅದುಮಬೇಡಿ, ಒತ್ತಡ ಮಿತಿ ಮೀರುತ್ತದೆ. ಪ್ಲಾಸ್ಟಿಕ್ ಪೈಪಿಗೆ ಕ್ಲ್ಯಾಂಪ್ ಹಾಕಲೇಬೇಡಿ, ಬಿರಿಯುತ್ತದೆ.

ಪ್ರಶ್ನೆ ಕೇಳಿದವರು:

ಬ್ಯಾಟರಿ 14.1, ಪಂಪಿನಲ್ಲಿ 13.6. ಆಫ್ ಮಾಡಿದರೆ ಮೂರು ನಿಮಿಷದೊಳಗೆ ಸೊನ್ನೆ. ರಿಟರ್ನ್ ಅದುಮಿದರೂ ಇಳಿಯಿತು. ಟ್ಯಾಂಕಿನಿಂದ ಬರುವ ಪೈಪು ಅದುಮಿದರೆ ಮುಳ್ಳು ಅಲ್ಲಾಡಲಿಲ್ಲ.

ಉತ್ತರ:

ಹಾಗಾದರೆ ಟ್ಯಾಂಕು ಬಿಚ್ಚಬೇಕು. ಪಂಪಿನ ಬಾಯಲ್ಲಿರುವ ವಾಲ್ವ್ ಹೋಗಿರಬೇಕು, ಇಲ್ಲವೇ ಪಂಪಿನಿಂದ ಮುಚ್ಚಳಕ್ಕೆ ಹೋಗುವ ಗೇಣುದ್ದದ ಪೈಪು ಹೋಗಿರಬೇಕು. ವಾಲ್ವ್ ಮಾತ್ರ ಹೋಗಿದ್ದರೆ ಬೆಳಿಗ್ಗೆ ಸೆಲ್ಫ್ ಹೊಡೆಯಬೇಕಾಗುತ್ತಿತ್ತು, ಲೀನ್ ಆಗುತ್ತಿರಲಿಲ್ಲ. ನನ್ನ ಬಾಜಿ ಪೈಪಿನ ಮೇಲೆ. ಬೋರ್‌ವೆಲ್ ಮೋಟರ್ ಎಷ್ಟು ಎಚ್‌ಪಿಯದಾದರೇನು, ಕೊಳವೆಯ ಒಳಗೇ ಪೈಪು ಸೀಳಿದ್ದರೆ ನೀರು ಅಲ್ಲೇ ಸುರಿದು ತೋಟಕ್ಕೆ ಬರುವುದು ತೊಟ್ಟಿಕ್ಕುವಷ್ಟೇ. ಐಡಲ್‌ನಲ್ಲಿ ಪಂಪು ಎತ್ತುವುದರಲ್ಲಿ ಹೆಚ್ಚಿನ ಪಾಲು ಹೇಗೂ ಟ್ಯಾಂಕಿಗೇ ಮರಳುತ್ತದೆ. ಸೋರಿದ್ದು ಆ ಪಾಲಿನಲ್ಲೇ ಕಳೆದುಹೋಗುವುದರಿಂದ ಗೇಜಿಗೆ ಗೊತ್ತಾಗುವುದಿಲ್ಲ.

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರಲಿ. ಮೊದಲು ಒತ್ತಡ ಇಳಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಬಯಲಲ್ಲಿ ಗಾಡಿ ನಿಲ್ಲಿಸಿ ಕೆಲಸ ಮಾಡಿಸಿ. ಪಕ್ಕದ ಅಂಗಡಿಯಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಆ ದಿನ ಬೇಡ. ಪುಡಿಯ ಅಗ್ನಿಶಾಮಕ ಕೈಗೆ ಸಿಗುವಂತಿರಲಿ.

ಪ್ರಶ್ನೆ ಕೇಳಿದವರು:

ಅಣ್ಣ, ನೀವು ಹೇಳಿದ್ದೇ ಆಯಿತು. ಹಿಂದಿನ ಸೀಟು ಎತ್ತಿ ಪಂಪು ಹೊರತೆಗೆದೆವು. ಪೈಪು ಊದಿಕೊಂಡಿದೆ, ಬೆರಳಲ್ಲಿ ಒತ್ತಿದರೆ ನೆನೆದ ಚಕ್ಕುಲಿಯಂತೆ ತಗ್ಗು ಬೀಳುತ್ತದೆ, ಕೈಯೆಲ್ಲ ಕಪ್ಪು ಮಸಿ. ಕ್ಲಿಪ್ಪಿನ ಅಂಚು ರಬ್ಬರನ್ನು ಕೊರೆದು, ಅಲ್ಲಿಂದ ಒಂದು ಗೆಣ್ಣಿನಷ್ಟು ಉದ್ದಕ್ಕೆ ಸೀಳಿದೆ. ಸುಮ್ಮನೆ ನೋಡಿದರೆ ಸೀಳು ಮುಚ್ಚಿಕೊಂಡಿರುತ್ತದೆ. ಒಳಗೆ ಗಾಳಿ ಊದಿದರೆ ಬಾಯಿ ಬಿಡುತ್ತದೆ. ಪಂಪು ಹಾಕಿದವರು ಹೊರಗಿನ ಪೈಪನ್ನೇ ತುಂಡು ಮಾಡಿ ಹಾಕಿದ್ದಾರೆ ಎಂದು ಕಾಣುತ್ತದೆ. ಈಗ ಯಾವ ಪೈಪು ತರಲಿ?

ಉತ್ತರ:

ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುವ ಸೀಳು! ಅದಕ್ಕೇ ಮುಳ್ಳು ನಡುಗುತ್ತಿದ್ದದ್ದು.

ಬಾನೆಟ್ ಕೆಳಗಿನ ಪೆಟ್ರೋಲ್ ಪೈಪು ಒಳಮೈಯಲ್ಲಿ ಮಾತ್ರ ಪೆಟ್ರೋಲ್ ತಡೆಯುತ್ತದೆ. ಟ್ಯಾಂಕಿನಲ್ಲಿ ಮುಳುಗಿರುವ ಪೈಪಿಗೆ ಹೊರಮೈಯೂ ತಡೆಯಬೇಕು. ಮೈಮೇಲೆ ‘ಎಸ್‌ಎಇ 30ಆರ್10’ ಎಂದು ಅಚ್ಚಾಗಿರುವುದನ್ನೇ ಕೇಳಿ. ‘30ಆರ್9’ ಕೂಡ ಒತ್ತಡ ತಡೆಯುವ ಒಳ್ಳೆಯ ಪೈಪು, ಆದರೆ ಮುಳುಗಿಸಲು ಅಲ್ಲ. ಅಂಗಡಿಯವರು ಎರಡೂ ಒಂದೇ ಎನ್ನುತ್ತಾರೆ, ನಂಬಬೇಡಿ. ಆರ್10ರ ಬೆಲೆ ಕೇಳಿ ಗಾಬರಿಯಾಗಬೇಡಿ. ನಿಮಗೆ ಬೇಕಿರುವುದು ಒಂದು ಗೇಣು. ಪಟ್ಟಿಯಲ್ಲಿ ಹಲ್ಲು ಕೊರೆದಿರುವ ಅಗ್ಗದ ಕ್ಲಿಪ್ಪು ಬೇಡ, ಅಂಚು ಮಡಿಚಿರುವ ಇಂಜೆಕ್ಷನ್ ಪೈಪಿನ ಕ್ಲಿಪ್ಪು ಹಾಕಿ. ಕರಗಿದ ರಬ್ಬರ್ ಪುಡಿ ಫಿಲ್ಟರ್ ಸೇರಿರುತ್ತದೆ, ಅದನ್ನೂ ಪಂಪಿನ ಜಾಲರಿಯನ್ನೂ ಬದಲಿಸಿ.

ಆಮೇಲೆ ಅದೇ ಗೇಜು, ಅದೇ ವೈಪರ್ ಕಡ್ಡಿ. ಅದಕ್ಕೆ ಮುಂಚೆ ನಾಲ್ಕೂ ಪ್ಲಗ್ ಬಿಚ್ಚಿ ಬಿಸಿಲಿನಲ್ಲಿ ನೋಡಿ. ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ, ಹೊಳೆಯುವ ಕಣ ಕಂಡರೆ ಪಿಸ್ಟನ್ನಿನ ಅಲ್ಯೂಮಿನಿಯಂ ಎದ್ದಿದೆ ಎಂದು ಅರ್ಥ, ಬೂಸ್ಟ್‌ಗೆ ಹೋಗಬೇಡಿ. ಕಂಪ್ರೆಷನ್ ಕೂಡ ಅಳೆಸಿ.

ಪ್ರಶ್ನೆ ಕೇಳಿದವರು:

ಪ್ಲಗ್‌ಗಳು ಬಿಳಿಚಿವೆ, ಚುಕ್ಕೆ ಇಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಪೈಪು ಬೆಂಗಳೂರಿನಿಂದ ತರಿಸಿ ಹಾಕಿದೆವು. ಬೂಸ್ಟ್ 1.1 ಇದ್ದಾಗ ರೈಲಿನಲ್ಲಿ 4.1, ಮುಳ್ಳು ಕದಲಲಿಲ್ಲ. ಲ್ಯಾಮ್ಡಾ 0.82. ಬೆಳಿಗ್ಗೆ ಒಂದೇ ಸೆಲ್ಫ್. ಪ್ಲಗ್ ಬದಲಿಸಬೇಕೇ?

ಉತ್ತರ:

ಬದಲಿಸಿ, ಒಂದು ಹಂತ ತಣ್ಣನೆಯ ಪ್ಲಗ್ ಹಾಕಿ. ಈಗಿನ ಬೂಸ್ಟಿಗೆ ಅದೇ ಸರಿ. ತುಂಡಾದ ಹಳೆಯ ಪೈಪನ್ನು ಎಸೆಯಬೇಡಿ, ಪಂಪು ಹಾಕಿದವರ ಮೇಜಿನ ಮೇಲೆ ಇಟ್ಟು ಬನ್ನಿ. ಅವರ ಬಳಿ ಅದೇ ಸುರುಳಿಯ ಪೈಪು ಇನ್ನೂ ಉಳಿದಿರುತ್ತದೆ.