ಜನರನ್ನು ನಡೆಸುವುದನ್ನು ಓದಿ ಕಲಿಯಬಹುದೆಂದು ಮೇಲಿನವರನ್ನು ಒಪ್ಪಿಸಿದ್ದು ಹೇಗೆ? ಅನುಭವ ಹಂಚಿಕೆ

ಕೇಳಿದವರು: ಕಾರವಾರದ ವರ್ಕ್‌ಶಾಪ್ ಸೂಪರ್‌ವೈಸರ್

ದೋಣಿ ಮತ್ತು ಸಣ್ಣ ಹಡಗುಗಳ ದುರಸ್ತಿಯನ್ನು ಗುತ್ತಿಗೆ ಹಿಡಿಯುವ ಒಂದು ವರ್ಕ್‌ಶಾಪಿನಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಎಂಟು ವರ್ಷ ವೆಲ್ಡರ್ ಆಗಿದ್ದ ನನ್ನನ್ನು ಮೂರು ವರ್ಷದ ಹಿಂದೆ ಹದಿನಾಲ್ಕು ಜನರ ಮೇಲೆ ಸೂಪರ್‌ವೈಸರ್ ಮಾಡಿದರು. ಬೆಸುಗೆಯಲ್ಲಿ ತಪ್ಪೆಲ್ಲಿದೆ ಎಂಬುದನ್ನು ನೋಡಿದ ಕೂಡಲೇ ಹೇಳಬಲ್ಲೆ. ಆದರೆ ತಪ್ಪು ಮಾಡಿದವನಿಗೆ ಅದನ್ನು ಹೇಗೆ ತಿಳಿಸಬೇಕು, ಇಬ್ಬರ ನಡುವಿನ ಮುನಿಸನ್ನು ಹೇಗೆ ಬಿಡಿಸಬೇಕು, ಯಾರಿಗೆ ಯಾವ ಕೆಲಸ ಒಪ್ಪಿಸಬೇಕು ಎಂಬುದನ್ನು ನನಗೆ ಯಾರೂ ಕಲಿಸಲಿಲ್ಲ. ಜನರ ನಿರ್ವಹಣೆ ಮತ್ತು ನಾಯಕತ್ವದ ಬಗ್ಗೆ ದೂರಶಿಕ್ಷಣದ ಕೋರ್ಸೊಂದನ್ನು ಮಾಡಲು ತಿಂಗಳಿಗೆ ಎರಡು ಶನಿವಾರ ರಜೆ ಮತ್ತು ಅರ್ಧ ಶುಲ್ಕ ಕೇಳಿದೆ. ಮೂವತ್ತು ವರ್ಷದ ಅನುಭವವಿರುವ ನಮ್ಮ ಮ್ಯಾನೇಜರ್ ಸಾಹೇಬರು, "ವೆಲ್ಡಿಂಗಿನ ಕೋರ್ಸ್ ಕೇಳಿದ್ದರೆ ನಾಳೆಯೇ ಕಳಿಸುತ್ತಿದ್ದೆ, ಜನ ನಡೆಸುವುದು ಪುಸ್ತಕದಿಂದ ಬರುವುದಿಲ್ಲ, ಏಟು ತಿಂದು ಬರಬೇಕು" ಎಂದರು. ಅವರ ಮೇಲೆ ನನಗೆ ಗೌರವವಿದೆ. ಜಗಳವಾಡಿ ಗೆಲ್ಲುವ ಮನಸ್ಸಿಲ್ಲ. ಇಂಥವರನ್ನು ಒಪ್ಪಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಅಂಕೋಲಾ, ಕಾರ್ಖಾನೆಯ ಉತ್ಪಾದನಾ ವಿಭಾಗದಿಂದ ನಿವೃತ್ತರಾದವರು

ನನ್ನಿಂದಾದ ತಪ್ಪನ್ನು ಮೊದಲು ಹೇಳುತ್ತೇನೆ, ನಿಮ್ಮಿಂದ ಅದು ಆಗದಿರಲಿ. ನನ್ನ ಕೈಕೆಳಗಿನ ಐವರು ಪಾಳಿ ಮುಖ್ಯಸ್ಥರಿಗೆ ಇಂಥದ್ದೇ ತರಬೇತಿ ಕೊಡಿಸಬೇಕೆಂದು ನಾನು 2014ರಲ್ಲಿ ಹಟ ಹಿಡಿದಿದ್ದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ಮುಂಬೈ ಸಮೀಪದ 17 ಬಟ್ಟೆ ತಯಾರಿಕಾ ಸಂಸ್ಥೆಗಳಲ್ಲಿ ನಡೆಸಿದ ಅಧ್ಯಯನವೊಂದು ಆಗಷ್ಟೇ, ಅಂದರೆ 2013ರಲ್ಲಿ, ಪ್ರಕಟವಾಗಿತ್ತು. ಕೆಲವು ಗಿರಣಿಗಳಿಗೆ ಕೆಲವು ತಿಂಗಳು ನಿರ್ವಹಣೆಯ ಸಲಹೆ ಕೊಡಿಸಿ ಉಳಿದವುಗಳೊಂದಿಗೆ ಹೋಲಿಸಿದಾಗ, ಸಲಹೆ ಪಡೆದ ಗಿರಣಿಗಳ ಉತ್ಪಾದಕತೆ ಮೊದಲ ವರ್ಷದಲ್ಲೇ ಶೇಕಡಾ 17ರಷ್ಟು ಏರಿತ್ತು. ಇಷ್ಟು ಲಾಭ ತರುವ ಪದ್ಧತಿಗಳನ್ನು ಮಾಲೀಕರು ಅದುವರೆಗೆ ಏಕೆ ತಂದಿರಲಿಲ್ಲ ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ನನಗೆ ಇನ್ನೂ ಹಿಡಿಸಿತು: ಕೆಲವನ್ನು ಅವರು ಕೇಳಿಯೇ ಇರಲಿಲ್ಲ, ಕೇಳಿದ್ದವುಗಳಿಂದ ತಮಗೆ ಪ್ರಯೋಜನವಾದೀತೆಂದು ನಂಬಿರಲಿಲ್ಲ.

ಇದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡು ಹೋದೆ. ನಮ್ಮ ಮೇಲಧಿಕಾರಿ ಪೂರ್ತಿ ಓದಿ, "ಅದು ಬಟ್ಟೆ, ನಮ್ಮದು ಬಟ್ಟೆಯಲ್ಲ, ಅದು ಮುಂಬೈ, ಇದು ಅಂಕೋಲೆ" ಎಂದು ಕಾಗದವನ್ನು ಹಿಂದಿರುಗಿಸಿದರು. ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಹುರುಳಿತ್ತು ಎನಿಸುತ್ತದೆ, ಏಕೆಂದರೆ ಆ ಅಧ್ಯಯನದ ಬಹುಪಾಲು ದಾಸ್ತಾನು, ಯಂತ್ರಗಳ ನಿಗಾ, ದೋಷಗಳ ದಾಖಲೆ ಇವುಗಳಿಗೆ ಸಂಬಂಧಿಸಿತ್ತು; ಜನರನ್ನು ನಡೆಸುವ ವಿಷಯ ಅದರ ಒಂದು ಭಾಗ ಮಾತ್ರವಾಗಿತ್ತು.

ಎಂಟು ತಿಂಗಳ ನಂತರ ಕೆಲಸಕ್ಕೆ ಬಂದದ್ದು ನಮ್ಮದೇ ಹಾಜರಿ ಪುಸ್ತಕ. ಮೂರು ತಿಂಗಳ ಹಾಜರಿಯನ್ನೂ ಎರಡನೇ ಬಾರಿ ಮಾಡಬೇಕಾಗಿ ಬಂದ ಕೆಲಸದ ಲೆಕ್ಕವನ್ನೂ ಪಾಳಿವಾರು ಬರೆದಾಗ, ಅದೇ ಯಂತ್ರ, ಅದೇ ಕಚ್ಚಾ ಮಾಲು ಇದ್ದರೂ ಒಂದು ಪಾಳಿಯಲ್ಲಿ ಮಾತ್ರ ಗೈರುಹಾಜರಿ, ಮತ್ತೆ ಮಾಡಬೇಕಾದ ಕೆಲಸ ಎರಡೂ ಬಹಳ ಹೆಚ್ಚಾಗಿದ್ದವು. ಆ ಪಾಳಿಯ ಮುಖ್ಯಸ್ಥ ನಮ್ಮಲ್ಲಿದ್ದವರಲ್ಲೇ ಅತ್ಯಂತ ನುರಿತ ಕೆಲಸಗಾರ. ನಾನು ಯಾವ ವಾದವನ್ನೂ ಹೂಡದೆ ಆ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟು, "ಇದಕ್ಕೆ ಕಾರಣ ಏನಿರಬಹುದು ಸರ್?" ಎಂದಷ್ಟೇ ಕೇಳಿದೆ. ಮೂರು ದಿನದ ಮೇಲೆ ಅವರೇ ಕರೆದು, "ಅವನಿಗೆ ಕೆಲಸ ಗೊತ್ತು, ಮಾಡಿಸುವುದು ಗೊತ್ತಿಲ್ಲ. ನೀವು ಹೇಳಿದ್ದ ತರಬೇತಿ ಯಾವುದು?" ಎಂದರು. ಐವರ ಬದಲು ಒಬ್ಬನನ್ನೇ ಕಳಿಸಿದರು; ನನಗೆ ಅಷ್ಟು ಸಾಕಾಗಿತ್ತು.

ಶಿರಸಿ, ಅಡಿಕೆ ವಖಾರಿಯ ವ್ಯವಸ್ಥಾಪಕಿ

ನಾನು ನಿಮ್ಮ ಸಾಹೇಬರ ಸ್ಥಾನದಲ್ಲಿದ್ದು, ಬಹುತೇಕ ಅವರದೇ ಮಾತುಗಳಲ್ಲಿ ಬೇಡ ಎಂದವಳು. ಆದ್ದರಿಂದ ಆ ಕಡೆಯ ಮನಸ್ಸು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನ ಸಂಶಯಕ್ಕೆ ಎರಡು ಕಾರಣಗಳಿದ್ದವು. ಹಿಂದೆ ಒಮ್ಮೆ ನಮ್ಮೆಲ್ಲರನ್ನೂ ಒಂದು ಹೋಟೆಲಿನ ಸಭಾಂಗಣದಲ್ಲಿ ಕೂರಿಸಿ ದಿನವಿಡೀ ನಾಯಕತ್ವದ ಬಗ್ಗೆ ಭಾಷಣ ಮಾಡಿಸಿದ್ದರು, ಮರುದಿನ ವಖಾರಿಯಲ್ಲಿ ಒಂದು ಕಡ್ಡಿಯೂ ಕದಲಿರಲಿಲ್ಲ. ಎರಡನೆಯ ಕಾರಣವನ್ನು ಆಗ ನಾನು ನನಗೇ ಹೇಳಿಕೊಂಡಿರಲಿಲ್ಲ. ನಮ್ಮ ಲೆಕ್ಕದ ವಿಭಾಗದ ಹುಡುಗ ಈ ವಿಷಯವನ್ನು ಓದುತ್ತೇನೆಂದು ಕೇಳಿದಾಗ, "ಇಷ್ಟು ವರ್ಷ ನೀವು ನಡೆಸಿದ್ದು ಸರಿಯಿಲ್ಲ" ಎಂದು ಅವನು ಹೇಳುತ್ತಿರುವಂತೆ ನನಗೆ ಕೇಳಿಸಿತು. ಅವನು ಹಾಗೆ ಹೇಳಿರಲಿಲ್ಲ. ಆದರೆ ಮೂವತ್ತು ವರ್ಷ ಒಂದು ಕೆಲಸವನ್ನು ತಾನೇ ಬಿದ್ದು ಎದ್ದು ಕಲಿತವರಿಗೆ, ಅದನ್ನು ಆರು ತಿಂಗಳಲ್ಲಿ ಓದಿ ಕಲಿಯಬಹುದು ಎಂಬ ಮಾತು ನೋಯಿಸುತ್ತದೆ. ನಿಮ್ಮ ಸಾಹೇಬರ "ಏಟು ತಿಂದು" ಎಂಬ ಮಾತಿನ ಹಿಂದೆ ಅವರು ನಿಜವಾಗಿಯೂ ತಿಂದ ಏಟುಗಳಿವೆ ಎಂಬುದು ನಿಮ್ಮ ನೆನಪಿನಲ್ಲಿರಲಿ.

ಆ ವರ್ಷ ಹಂಗಾಮಿನ ನಡುವೆ ನಮ್ಮಲ್ಲಿ ಅಡಿಕೆ ಆರಿಸುವ ಮೂವರು ಹೆಂಗಸರು ಒಂದೇ ತಿಂಗಳಲ್ಲಿ ಬಿಟ್ಟರು. ಚಾಲಿಯಲ್ಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯಲ್ಲಿ, ಕೋಕಾ ಎಂಬ ಕೆಳದರ್ಜೆಯದು ಬೆರೆಯದಂತೆ, ಬಿಳೇಗೋಟು ಎಂಬ ಇನ್ನೊಂದು ದರ್ಜೆಯದನ್ನು ಬೇರೆ ತೆಗೆದು ಆರಿಸುವುದು ನೋಡಿದಷ್ಟು ಸುಲಭವಲ್ಲ. ಹೊಸಬರ ಕಣ್ಣು ಪಳಗಲು ತಿಂಗಳುಗಳೇ ಬೇಕು, ಅಷ್ಟರವರೆಗೆ ಅವರು ಆರಿಸಿದ್ದನ್ನು ಇನ್ನೊಬ್ಬರು ಮತ್ತೆ ಕೈಯಾಡಿಸಿ ನೋಡಬೇಕು. ಕೂಲಿ ಸಾಲದೆ ಹೋದರು ಎಂದು ನಾನು ತೀರ್ಮಾನಿಸಿದ್ದೆ. ಅದೇ ಹುಡುಗ, "ಅಕ್ಕಾ, ಅವರ ಮನೆಗೆ ಹೋಗಿ ಒಮ್ಮೆ ಕೇಳಿ ಬರಲೇ?" ಎಂದ. ಕೇಳಿಬರಲಿ ಎಂದು ಕಳಿಸಿದೆ. ಮೂವರೂ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಮಾತು: ಆರಿಸಿದ ರಾಶಿ ಸರಿಯಿಲ್ಲದಿದ್ದರೆ ಮೇಸ್ತ್ರಿ ಅದನ್ನು ಎಲ್ಲರೆದುರು ಮತ್ತೆ ಸುರಿಯುತ್ತಿದ್ದರು, ತಪ್ಪೇನೆಂದು ಹೇಳುತ್ತಿರಲಿಲ್ಲ. ಆ ಮೇಸ್ತ್ರಿಯನ್ನು ಆರಿಸಿ ನಿಲ್ಲಿಸಿದವಳು ನಾನೇ, ಅದೂ ಅವರ ಕಣ್ಣು ಎಲ್ಲರಿಗಿಂತ ಚುರುಕು ಎಂಬ ಒಂದೇ ಕಾರಣಕ್ಕೆ.

ಆಗ ಹುಡುಗ ನನ್ನ ಮುಂದೆ ಯಾವ ಸಿದ್ಧಾಂತವನ್ನೂ ಇಡಲಿಲ್ಲ. ಆರು ವಾರದ ಮಟ್ಟಿಗೆ ಒಂದೇ ಒಂದು ಬದಲಾವಣೆ ಮಾಡಿ ನೋಡೋಣ ಎಂದ: ತಪ್ಪಿದ್ದರೆ ಅದೇ ದಿನ, ಪಕ್ಕಕ್ಕೆ ಕರೆದು, ಅಡಿಕೆಯನ್ನು ಕೈಯಲ್ಲಿ ಹಿಡಿದು ತೋರಿಸಿ ಹೇಳುವುದು. ಮೇಸ್ತ್ರಿಗೆ ಮೊದಲ ವಾರ ಇದು ಬಹಳ ಕಷ್ಟವಾಯಿತು, ಎರಡು ಸಲ ನನ್ನ ಬಳಿ ಬಂದು ಗೊಣಗಿದರು. ನಾನೂ ಅವರ ಜೊತೆ ನಿಂತು ಹೇಗೆ ಹೇಳುವುದೆಂದು ಅಭ್ಯಾಸ ಮಾಡಬೇಕಾಯಿತು, ಏಕೆಂದರೆ ನನಗೂ ಅದು ಬರುತ್ತಿರಲಿಲ್ಲ. ಆರು ವಾರದಲ್ಲಿ ಮತ್ತೆ ಆರಿಸಬೇಕಾದ ಮಾಲು ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತಿತ್ತು. ಬಿಟ್ಟು ಹೋದ ಮೂವರಲ್ಲಿ ಒಬ್ಬರು ಮರಳಿ ಬಂದರು. ಉಳಿದಿಬ್ಬರು ಬರಲಿಲ್ಲ, ಅದು ನನಗೆ ಇಂದಿಗೂ ನೋವಿನ ವಿಷಯ.

ಆ ಹುಡುಗನ ಕೋರ್ಸಿಗೆ ಪೂರ್ತಿ ಶುಲ್ಕ ಕೊಟ್ಟೆವು. ನೀವೂ ಮೊದಲು ಇಂಥ ಒಂದು ಚಿಕ್ಕ ಗಂಟನ್ನು ಹುಡುಕಿಕೊಳ್ಳಿ. ಅದು ನಿಮ್ಮ ಸಾಹೇಬರ ನಿದ್ದೆ ಕೆಡಿಸುತ್ತಿರುವ ಗಂಟಾಗಿರಬೇಕು, ನಿಮ್ಮದಲ್ಲ.

ಹೊನ್ನಾವರ, ಮೀನುಗಾರಿಕೆ ದೋಣಿಯ ಮಾಲೀಕರ ಮನೆಯವರು

ಏಟು ತಿಂದು ಕಲಿಯಬೇಕು ಎಂಬ ಮಾತಿಗೆ ನಮ್ಮ ಕಸುಬಿನಲ್ಲಿ ಉತ್ತರವಿದೆ. ಯಾವ ಮಾಲೀಕನೂ ಬಲೆ ಎಳೆಯುವವನನ್ನು ನೇರವಾಗಿ ತಾಂಡೇಲನನ್ನಾಗಿ, ಅಂದರೆ ದೋಣಿ ನಡೆಸುವ ಮುಖ್ಯಸ್ಥನನ್ನಾಗಿ, ಮಾಡಿ ಸಮುದ್ರಕ್ಕೆ ಕಳಿಸುವುದಿಲ್ಲ. ಹಳೆಯ ತಾಂಡೇಲನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು, ಗಾಳಿ ನೀರುಗಳ ಜೊತೆಗೆ ಯಾರನ್ನು ಯಾವ ಮಾತಿನಿಂದ ಎಬ್ಬಿಸಬೇಕು, ಮೀನು ಸಿಗದ ದಿನ ದೋಣಿಯೊಳಗಿನ ಬೇಸರವನ್ನು ಹೇಗೆ ತಡೆಯಬೇಕು ಎಂಬುದನ್ನೂ ಅವನು ಕಲಿಯುತ್ತಾನೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಜನ ಮತ್ತೆ ಸೇರುವಾಗ ಒಳ್ಳೆಯ ತಾಂಡೇಲನಿರುವ ದೋಣಿಗೆ ಜನರ ಕೊರತೆ ಬರುವುದಿಲ್ಲ, ಇದನ್ನು ನಮ್ಮ ಮನೆಯಲ್ಲೇ ಎರಡೂ ರೀತಿಯಲ್ಲಿ ಕಂಡಿದ್ದೇವೆ. ನಿಮ್ಮನ್ನು ಅಂಥ ಯಾವ ಹಿರಿಯರ ಪಕ್ಕದಲ್ಲೂ ನಿಲ್ಲಿಸದೆ ಒಮ್ಮೆಲೇ ಹದಿನಾಲ್ಕು ಜನರ ಮೇಲೆ ಕೂರಿಸಿದ್ದಾರೆ. ಸಾಹೇಬರನ್ನೇ ಗುರುವಾಗಿರಿ ಎಂದು ಕೇಳಿಕೊಳ್ಳಿ. ಕೋರ್ಸಿನಲ್ಲಿ ಓದಿದ್ದನ್ನು ತಿಂಗಳಿಗೊಮ್ಮೆ ಅವರ ಮುಂದಿಟ್ಟು, "ಇದು ನಮ್ಮಲ್ಲಿ ನಡೆಯುತ್ತದೆಯೇ?" ಎಂದು ಕೇಳಿ.

ಮಲ್ಲಾಪುರ, ಪಾಳಿ ಕೆಲಸದವರು

ದೂರದ ಉದಾಹರಣೆ ಅವರಿಗೆ ಒಗ್ಗದಿದ್ದರೆ ಹತ್ತಿರದ್ದನ್ನೇ ಹೇಳಿ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ ನಿಲ್ಲದೆ 962 ದಿನ ಓಡಿ 2018ರ ಡಿಸೆಂಬರ್ ಕೊನೆಯಲ್ಲಿ ಆಗಿನ ವಿಶ್ವದಾಖಲೆ ಮಾಡಿತು. ದಿನಕ್ಕೆ ಮೂರು ಪಾಳಿ ಎಂದು ಹಿಡಿದರೂ ಎರಡು ಸಾವಿರದ ಎಂಟುನೂರಕ್ಕಿಂತ ಹೆಚ್ಚು ಸಲ ಒಂದು ತಂಡ ಮತ್ತೊಂದು ತಂಡಕ್ಕೆ ಕೆಲಸವನ್ನು ಒಪ್ಪಿಸಬೇಕಾಗುತ್ತದೆ. ಒಪ್ಪಿಸುವಾಗ ಏನನ್ನು ಹೇಳಬೇಕು, ಕೇಳಿಸಿಕೊಂಡವರು ಅದನ್ನು ಮರಳಿ ಹೇಳಬೇಕೇ ಎಂಬಂಥ ವಿಷಯಗಳನ್ನು ಪಾಳಿ ಕೆಲಸ ಮಾಡುವ ಯಾರೂ ಹುಟ್ಟಿನಿಂದ ತಿಳಿದುಕೊಂಡು ಬರುವುದಿಲ್ಲ.

ಕುಮಟಾ, ಹಿಂದೆ ಶಾಖಾ ವ್ಯವಸ್ಥಾಪಕಿ, ಈಗ ತರಬೇತುದಾರರು

ಅಂಕೋಲೆಯವರು ಹೇಳಿದಂತೆ ಅಧ್ಯಯನಗಳು ಮೊದಲ ಮಾತಾಗಬಾರದು, ಆದರೆ ಸಾಹೇಬರೇ ಆಸಕ್ತಿಯಿಂದ ಕೇಳುವ ಹೊತ್ತಿಗೆ ನಿಮ್ಮ ಬಳಿ ಎರಡು ಮೂರು ಇರಲಿ. ವೆಲ್ಡಿಂಗ್ ಕೋರ್ಸಾದರೆ ಕಳಿಸುತ್ತಿದ್ದೆ ಎಂಬ ಮಾತಿಗೆ ಹೊಂದುವುದು ಗೂಗಲ್ ಕಂಪನಿಯದು. ಎಂಜಿನಿಯರುಗಳೇ ತುಂಬಿರುವ ಆ ಕಂಪನಿ, ಮ್ಯಾನೇಜರುಗಳಿಂದ ನಿಜಕ್ಕೂ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂಬ ಅನುಮಾನದಿಂದ ತನ್ನಲ್ಲೇ ಪ್ರಾಜೆಕ್ಟ್ ಆಕ್ಸಿಜನ್ ಎಂಬ ಪರಿಶೀಲನೆ ನಡೆಸಿತು. ಒಳ್ಳೆಯ ಮ್ಯಾನೇಜರುಗಳಲ್ಲಿ ಕಂಡ ಎಂಟು ಗುಣಗಳ ಮೊದಲ ಪಟ್ಟಿಯಲ್ಲಿ ಕೈಹಿಡಿದು ಕಲಿಸುವ ಗುಣ ಮೊದಲಿಗಿತ್ತು, ತಾಂತ್ರಿಕ ನೈಪುಣ್ಯ ಕೊನೆಗಿತ್ತು. ತಾಂತ್ರಿಕ ನೈಪುಣ್ಯ ಬೇಡವೆಂದು ಇದರ ಅರ್ಥವಲ್ಲ, ಅದೊಂದೇ ಸಾಲದು ಎಂದು. ಮುಂಬೈ ಗಿರಣಿಗಳ ಅಧ್ಯಯನಕ್ಕೂ ಒಂದು ಮುಂದಿನ ಭಾಗವಿದೆ. 2017ರಲ್ಲಿ ಸಂಶೋಧಕರು ಮತ್ತೆ ಹೋಗಿ ನೋಡಿದಾಗ, ಆಗ ತಂದಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ವ್ಯವಸ್ಥಾಪಕರು ಬದಲಾದದ್ದು ಅದಕ್ಕೊಂದು ಕಾರಣ. ನೀವೊಬ್ಬರೇ ಕಲಿತು ಮೇಲಿನವರು ಕಲಿಯದೇ ಹೋದರೆ ಅದು ಉಳಿಯುವುದು ಕಷ್ಟ. ಹಾಗಾಗಿ ಹೊನ್ನಾವರದವರ ಸಲಹೆಯನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ.

ಖರ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೊಡ್ಡ ಕೋರ್ಸಿಗಿಂತ ಮೊದಲು ನೋಡಬಹುದಾದ, ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ಜಾಲತಾಣದಲ್ಲಿ ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳ ಪಾಠಗಳಿವೆ. ಕಲಿಯಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಅಲ್ಲಿಂದ ಆರಂಭಿಸಿದರೆ ಹಣದ ಪ್ರಶ್ನೆ ಹಿಂದೆ ಸರಿದು ಸಮಯದ ಪ್ರಶ್ನೆಯೊಂದೇ ಉಳಿಯುತ್ತದೆ. ನಾನು ಕಂಡ ತಿರಸ್ಕಾರಗಳಲ್ಲಿ ಬಹುಪಾಲು "ನೀನು ಇಲ್ಲದ ದಿನ ಕೆಲಸ ಯಾರು ನೋಡುತ್ತಾರೆ" ಎಂಬ ಪ್ರಶ್ನೆಗೆ ಉತ್ತರ ಕೊಡದೆ ಹೋದದ್ದರಿಂದ ಆದವು.

ಬಾಯಲ್ಲಿ ಕೇಳಬೇಡಿ, ಒಂದು ಪುಟದಲ್ಲಿ ಬರೆದು ಕೊಡಿ. ಒಂದು ಮಾದರಿ ಇಲ್ಲಿದೆ, ನಿಮ್ಮ ಸಂಗತಿಗೆ ತಕ್ಕಂತೆ ತಿದ್ದಿಕೊಳ್ಳಿ:

"ಮಾನ್ಯರೇ, ಕಳೆದ ಮೂರು ತಿಂಗಳಲ್ಲಿ ನನ್ನ ತಂಡ ಎರಡನೇ ಬಾರಿ ಮಾಡಬೇಕಾಗಿ ಬಂದ ಬೆಸುಗೆಗಳ ಲೆಕ್ಕವನ್ನು ಇದರೊಂದಿಗೆ ಇಟ್ಟಿದ್ದೇನೆ. ಇವುಗಳಲ್ಲಿ ಕೆಲವು ಕೈತಪ್ಪಿನಿಂದ ಆದವು, ಕೆಲವು ನಾನು ಕೆಲಸವನ್ನು ಸರಿಯಾಗಿ ಒಪ್ಪಿಸದೆ ಹೋದದ್ದರಿಂದ ಆದವು. ಎರಡನೆಯದನ್ನು ತಿದ್ದಿಕೊಳ್ಳಲು ಹನ್ನೆರಡು ವಾರಗಳ ಪಾಠವೊಂದನ್ನು ಓದಲು ಬಯಸುತ್ತೇನೆ. ತಿಂಗಳಿಗೆ ಎರಡು ಶನಿವಾರ ನಾನಿಲ್ಲದಾಗ ಹಿರಿಯ ಫಿಟ್ಟರ್ ಕೆಲಸ ನೋಡಿಕೊಳ್ಳಲು ಒಪ್ಪಿದ್ದಾರೆ. ಹಿಂದಿನ ಸಂಜೆಯೇ ಅವರಿಗೆ ಕೆಲಸದ ಪಟ್ಟಿಯನ್ನು ಬರೆದು ಕೊಡುತ್ತೇನೆ. ಪ್ರತಿ ತಿಂಗಳು ಕಲಿತದ್ದರಲ್ಲಿ ಒಂದನ್ನು ತಂಡದಲ್ಲಿ ಮಾಡಿ ನೋಡುತ್ತೇನೆ. ತಾವು ಅರ್ಧ ಗಂಟೆ ಬಿಡುವು ಮಾಡಿಕೊಂಡು, ತಮ್ಮ ಅನುಭವದಲ್ಲಿ ಅದು ನಿಲ್ಲುವಂಥದ್ದೇ ಎಂದು ತಿಳಿಸಬೇಕು. ಮೂರು ತಿಂಗಳ ನಂತರ ಇದೇ ಲೆಕ್ಕವನ್ನು ಮತ್ತೆ ತರುತ್ತೇನೆ. ದೊಡ್ಡ ಕೋರ್ಸಿನ ಶುಲ್ಕದ ವಿಷಯವನ್ನು ತಾವು ಆಗ ನಿರ್ಧರಿಸಬೇಕೆಂದು ಕೋರುತ್ತೇನೆ."