ಅಪ್‌ಡೇಟ್: ಗುತ್ತಿಗೆದಾರನ ಮೇಲಿನ ದಾವೆ ಫೆಡರಲ್ ಕೋರ್ಟಿಗೆ ಹೋಗುವುದಿಲ್ಲ
ಛಾವಣಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟುಹೋದ ನ್ಯೂಜೆರ್ಸಿಯ ಅಮೆರಿಕನ್ ಗುತ್ತಿಗೆದಾರನ ಮೇಲೆ, ಅದೇ ರಾಜ್ಯದಲ್ಲಿ ನೆಲೆಸಿರುವ ಭಾರತೀಯ ಪ್ರಜೆಯಾದ ನಾನು ಫೆಡರಲ್ ಕೋರ್ಟಿನಲ್ಲಿ (ರಾಜ್ಯದ್ದಲ್ಲದ, ಅಮೆರಿಕದ ಕೇಂದ್ರ ವ್ಯವಸ್ಥೆಯ ಕೋರ್ಟು) ದಾವೆ ಹೂಡಬಹುದೇ ಎಂದು ಕೇಳಿದ್ದೆ. ವಕೀಲರನ್ನು ಕಂಡು ಬಂದೆ, ಆಗದು ಎಂದರು. ಕರಾರು ಉಲ್ಲಂಘನೆ ರಾಜ್ಯ ಕಾನೂನಿನ ವಿಷಯವಾದ್ದರಿಂದ, ಫೆಡರಲ್ ಕೋರ್ಟಿಗೆ ಹೋಗಲು ಕ್ಲೇಮಿನ ಮೊತ್ತ 75,000 ಡಾಲರ್ ಮೀರಿದರಷ್ಟೇ ಸಾಲದು, ಕಕ್ಷಿದಾರರ ಪೌರತ್ವವೂ ಬೇರೆಬೇರೆಯಾಗಿರಬೇಕು. ವಿದೇಶಿ ಪ್ರಜೆಗೆ ಈ ದಾರಿ ತೆರೆದಿದೆಯಾದರೂ, ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಪಡೆದು ಎದುರುಕಕ್ಷಿಯ ರಾಜ್ಯದಲ್ಲೇ ನೆಲೆಸಿದ ನನ್ನಂಥವರಿಗೆ ಫೆಡರಲ್ ಕಾನೂನಿನ 1332ನೇ ಸೆಕ್ಷನ್ ಅದನ್ನು ಮುಚ್ಚುತ್ತದೆ. ನಾನಿನ್ನೂ ಎಚ್‌-1ಬಿ ವೀಸಾದಲ್ಲೇ (ತಾತ್ಕಾಲಿಕ ಉದ್ಯೋಗದ ವೀಸಾ) ಇದ್ದಿದ್ದರೆ ಸಾಧ್ಯವಿತ್ತಂತೆ, ವಿಚಿತ್ರವೇ ಸರಿ. ಎದುರುಕಕ್ಷಿ ಒಪ್ಪಿದರೂ ಪ್ರಯೋಜನವಿಲ್ಲ, ಏಕೆಂದರೆ ಈ ಬಗೆಯ ದಾವೆಯನ್ನು ವಿಚಾರಿಸುವ ಅಧಿಕಾರವ್ಯಾಪ್ತಿ ಕೋರ್ಟಿಗೆ ಇಲ್ಲವೆಂದು ಯಾವ ಹಂತದಲ್ಲಿ ಕಂಡುಬಂದರೂ ನ್ಯಾಯಾಧೀಶರು ತಾವಾಗಿಯೇ ದಾವೆಯನ್ನು ವಜಾ ಮಾಡಬೇಕಾಗುತ್ತದೆ. ಹೀಗಾಗಿ ನ್ಯೂಜೆರ್ಸಿ ರಾಜ್ಯದ್ದೇ ಆದ ಸುಪೀರಿಯರ್ ಕೋರ್ಟಿನಲ್ಲೇ ದಾವೆ ಹೂಡುತ್ತಿದ್ದೇನೆ.